ಫೀ ಬಾಕಿಗೆ ಕೂತ ಕಡತ: ಒಂದು ಕಾಲ್ಪನಿಕ ಸಂದರ್ಶನ

ಬಾಕಿ ಫೀ ಕೈಸೇರುವವರೆಗೆ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಭಾರತದ ವಕೀಲರಿಗೆ ಇಲ್ಲ. ಸುಪ್ರೀಂ ಕೋರ್ಟು 2000ನೇ ಇಸವಿಯ ಆಗಸ್ಟ್ 22ರಂದು ಆರ್.ಡಿ. ಸಕ್ಸೇನಾ ಮತ್ತು ಬಲರಾಂ ಪ್ರಸಾದ್ ಶರ್ಮಾ ಪ್ರಕರಣದಲ್ಲಿ ಹೀಗೆ ತೀರ್ಮಾನಿಸಿತು. 2003ರಲ್ಲಿ ನ್ಯೂ ಇಂಡಿಯಾ ಅಶ್ಯೂರೆನ್ಸ್ ಕಂಪನಿಯ ಪ್ರಕರಣದಲ್ಲಿ ಅದನ್ನೇ ಮತ್ತೆ ಹೇಳಿತು. ಅಂದರೆ ಕಾನೂನು ಇತ್ಯರ್ಥವಾಗಿ ಕಾಲು ಶತಮಾನವಾಗಿದೆ. ಆದರೆ ದಿಲ್ಲಿಯ ತೀರ್ಪುಗಳು ಈ ಕಡೆಗೆ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತವೆ. ಕೊಪ್ಪಳ, ಗಂಗಾವತಿಯಲ್ಲಿ ಇಳಿದದ್ದು ಕುಷ್ಟಗಿ, ಯಲಬುರ್ಗಾದ ಕಪಾಟುಗಳೊಳಗೆ ಹೋಗಿ ಕೂರಲು ಮತ್ತಷ್ಟು ಕಾಲ ಬೇಕು. ಕೋರ್ಟಿನ ಮೆಟ್ಟಿಲು ಒಮ್ಮೆ ಹತ್ತಿದ ಯಾರಿಗೂ ಈ ತಕರಾರಿನ ಹಿನ್ನೆಲೆ ಹೇಳಬೇಕಾಗಿಲ್ಲ.

ವಕೀಲರ ಅಭಿಪ್ರಾಯ ವಕೀಲರ ಸಂಘಗಳಲ್ಲಿ ಸಿಗುತ್ತದೆ, ಕಕ್ಷಿದಾರರ ಅಭಿಪ್ರಾಯ ಚಹಾದಂಗಡಿಗಳಲ್ಲಿ. ಕಡತದ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆದ್ದರಿಂದ ಯಲಬುರ್ಗಾದ ಒಂದು ವಕೀಲರ ಕಚೇರಿಯಲ್ಲಿ, ಊಟದ ಬಿಡುವಿನಲ್ಲಿ, ಪತ್ರಿಕೆಯೊಂದರ ಅಂಕಣಕಾರರು ಕಡತವೊಂದನ್ನು ಸಂದರ್ಶಿಸಿದರು. ಆ ಕಚೇರಿ, ಆ ಕಡತ, ಅದರ ಕಕ್ಷಿದಾರರು ಎಲ್ಲವೂ ಕಲ್ಪನೆ. ಕಲಮುಗಳು ಮತ್ತು ತೀರ್ಪುಗಳು ಇದ್ದಂತೆಯೇ ಇವೆ.

ಕಡತವು 2014ರಲ್ಲಿ ದಾಖಲಾದ ಒಂದು ಮೂಲ ದಾವೆಗೆ ಸೇರಿದ್ದು. ವಿಷಯ ಹಿಸ್ಸೆ. ಒಂಬತ್ತು ಎಕರೆ ಎರೆ ಹೊಲ, ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ದಾವೆ ಹೂಡಿದವಳು ತಂಗಿ. ಹೊರಗೆ ಬಣ್ಣ ಹೋದ ಹಸಿರು ರಟ್ಟು ಮತ್ತು ಲಾಡಿ. ಒಳಗೆ ದಾವಾಪತ್ರದ ಕಚೇರಿ ಪ್ರತಿ, ಪ್ರತಿವಾದಿಗಳ ಕೈಫಿಯತ್ತು, ಕೈಬರಹದ ಕಾಲದ ಪಹಣಿಗಳು, ವಂಶವೃಕ್ಷ, ಸಾಕ್ಷಿ ಹೇಳಿಕೆಗಳ ನಕಲು, ತಂದೆಯ ಮರಣದ ದಾಖಲೆ ಮತ್ತು ಒಂದು ನೋಂದಾಯಿತ ಖರೀದಿ ಪತ್ರದ ಮೂಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಕೋರ್ಟಿನ ದಾಖಲೆ ಬೇರೆ, ವಕೀಲರ ಕಡತ ಬೇರೆ. ಹಾಜರುಪಡಿಸಿ ನಿಶಾನೆ ಹಾಕಿಸಿದ ಪತ್ರಗಳು ಕೋರ್ಟಿನ ವಶದಲ್ಲಿರುತ್ತವೆ. ಅವುಗಳ ದೃಢೀಕೃತ ನಕಲನ್ನು ಯಾವ ವಕೀಲರ ಹಂಗೂ ಇಲ್ಲದೆ ಪಡೆಯಬಹುದು. ವಕೀಲರ ಬಳಿ ಉಳಿಯುವುದು ಪ್ರತಿಗಳು, ಟಿಪ್ಪಣಿಗಳು ಮತ್ತು ‘ಇದನ್ನ ಆಮ್ಯಾಲ ಹಾಕೂಣು’ ಎಂದು ತೆಗೆದಿಟ್ಟ ಮೂಲ ಪತ್ರಗಳು. ಜಗಳ ಹೆಚ್ಚಾಗಿ ನಡೆಯುವುದು ಈ ಕೊನೆಯವುಗಳ ಮೇಲೆ.

ಮೊದಲ ಪ್ರಶ್ನೆ ಸರಳವಾಗಿತ್ತು: ಎಷ್ಟು ಬಾಕಿಗೆ ನಿಮ್ಮನ್ನು ಹಿಡಿದಿಟ್ಟಿದ್ದಾರೆ?

“ಹದಿನೆಂಟು ಸಾವಿರಕ್ಕರಿ. ಅದು ಹೋಗ್ಲಿ ಬಿಡ್ರಿ ಸರ, ಮೊದ್ಲ ನನ್ನ ಮರ್ಯಾದಿ ವಿಷಯ ಬರಕೋರಿ. ಸುಪ್ರೀಂ ಕೋರ್ಟು ನನ್ನ ಸರಕಲ್ಲ ಅಂದೈತಿ. ಸರಕಲ್ಲಂತ! ಪ್ಯಾಟ್ಯಾಗ ನನಗ ಬೆಲಿ ಇಲ್ಲಂತ!”

ಕಡತದ ಈ ಕೊರಗಿಗೆ ಕಾನೂನಿನ ಆಧಾರವಿದೆ. 1872ರ ಭಾರತೀಯ ಕರಾರು ಕಾಯ್ದೆಯ 171ನೇ ಕಲಮು ಐದು ವರ್ಗದವರಿಗೆ ವಿಶೇಷ ಹಕ್ಕು ಕೊಡುತ್ತದೆ: ಬ್ಯಾಂಕಿನವರು, ಮಾರಾಟದ ದಲ್ಲಾಳಿಗಳು, ಹಡಗುಕಟ್ಟೆಯವರು, ಹೈಕೋರ್ಟಿನ ಅಟಾರ್ನಿಗಳು ಮತ್ತು ವಿಮಾ ಪಾಲಿಸಿಯ ದಲ್ಲಾಳಿಗಳು. ತಮ್ಮ ವಶಕ್ಕೆ ಒಪ್ಪಿಸಿದ ಸರಕನ್ನು ಇವರು ಒಟ್ಟು ಬಾಕಿ ತೀರುವವರೆಗೆ ಇಟ್ಟುಕೊಳ್ಳಬಹುದು. ಫೀ ಬಾಕಿಗೆ ಕಡತ ಹಿಡಿಯುವವರು ಬೆರಳು ಇಡುವುದು ಈ ಪಟ್ಟಿಯ ನಾಲ್ಕನೆಯ ಹೆಸರಿನ ಮೇಲೆ.

ಪಟ್ಟಿಯನ್ನು ಕೊಪ್ಪಳ ಜಿಲ್ಲೆಯಲ್ಲಿ ಕೂತು ಓದಿದರೆ ಕೆಲವು ತೊಡಕುಗಳು ಕಾಣುತ್ತವೆ. ಹಡಗುಕಟ್ಟೆ ಇಲ್ಲಿಲ್ಲ. ಇರುವುದು ಆನೆಗೊಂದಿಯ ಹರಿಗೋಲು, ಹರಿಗೋಲಿನವನು ಬಾಡಿಗೆ ಮೊದಲೇ ಎಣಿಸಿಕೊಳ್ಳುತ್ತಾನೆ. ಅಟಾರ್ನಿಗಳೂ ಇಲ್ಲಿ ಎಂದೂ ಇರಲಿಲ್ಲ. ಅವರು ಕಲ್ಕತ್ತ, ಮುಂಬಯಿಯಂಥ ಇಂಗ್ಲಿಷ್ ಕಾಲದ ಹೈಕೋರ್ಟುಗಳಲ್ಲಿದ್ದ ಬೇರೊಂದು ಪಂಗಡ. 1976ರ ತಿದ್ದುಪಡಿ ಆ ಪಂಗಡವನ್ನೂ ತೆಗೆದುಹಾಕಿತು. ಇಂಗ್ಲಿಷರ ಕಾಲಕ್ಕೆ ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗರ ಜಹಗೀರು, ಮೇಲೆ ನಿಜಾಮರ ಆಳ್ವಿಕೆ. ಕರಾರು ಕಾಯ್ದೆಯೇ ಈ ನೆಲಕ್ಕೆ ಕಾಲಿಟ್ಟದ್ದು 1951ರಲ್ಲಿ. ಇಲ್ಲದ ಊರಿನ ಇಲ್ಲವಾದ ಅಟಾರ್ನಿಗಿದ್ದ ಹಕ್ಕನ್ನು ಯಲಬುರ್ಗಾದ ವಕೀಲರು ಚಲಾಯಿಸುತ್ತಿದ್ದಾರೆ ಎಂದು ಅಂಕಣಕಾರರು ಕಡತಕ್ಕೆ ವಿವರಿಸಿದರು. ಕಡತ ಕಿವಿಗೊಡಲಿಲ್ಲ.

“ಅಟಾರ್ನಿ ಇದ್ರೇನು ಬಿಟ್ರೇನು ಸರ. ಸರಕು ಅಂತ ಯಾಕ ಅನ್ನಲಿಲ್ಲ? ಅದನ್ನ ಹೇಳ್ರಿ.”

ಅನ್ನದಿದ್ದುದರ ಕಾರಣ ಸಕ್ಸೇನಾ ಪ್ರಕರಣದಲ್ಲಿದೆ. ಮಧ್ಯಪ್ರದೇಶ ರಾಜ್ಯ ಸಹಕಾರಿ ಬ್ಯಾಂಕು ತನ್ನ ಕಾನೂನು ಸಲಹೆಗಾರರನ್ನು 1993ರಲ್ಲಿ ಕೆಲಸದಿಂದ ಬಿಡಿಸಿ, ಕಡತಗಳನ್ನು ವಾಪಸು ಕೇಳಿತು. ವಕೀಲರು 97,100 ರೂಪಾಯಿ ಬಾಕಿ ಇದೆ, ಕೊಟ್ಟು ಒಯ್ಯಿರಿ ಎಂದರು. ಬ್ಯಾಂಕಿನ ವ್ಯವಸ್ಥಾಪಕ ನಿರ್ದೇಶಕರು 1994ರಲ್ಲಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕೊಟ್ಟರು. ಅಲ್ಲಿ ಒಂದು ವರ್ಷದೊಳಗೆ ಮುಗಿಯದ ಕಾರಣ ದೂರು ಭಾರತೀಯ ವಕೀಲರ ಪರಿಷತ್ತಿಗೆ ಹೋಯಿತು. ಪರಿಷತ್ತು ಇದನ್ನು ವೃತ್ತಿ ದುರ್ನಡತೆ ಎಂದು ಹೇಳಿ, ಹದಿನೆಂಟು ತಿಂಗಳು ವಕಾಲತ್ತು ನಿಷೇಧಿಸಿ, ಸಾವಿರ ರೂಪಾಯಿ ದಂಡ ಹಾಕಿತು. ವಕೀಲರು ಸುಪ್ರೀಂ ಕೋರ್ಟಿಗೆ ಹೋದರು. ನ್ಯಾಯಮೂರ್ತಿಗಳಾದ ಕೆ.ಟಿ. ಥಾಮಸ್ ಮತ್ತು ಆರ್.ಪಿ. ಸೇಠಿ ಅವರ ಪೀಠ 171ನೇ ಕಲಮಿನ ವಾದವನ್ನು ಒಪ್ಪಲಿಲ್ಲ. ಸರಕು ಎಂದರೆ ಮಾರಿದರೆ ಹಣ ಬರುವಂಥದ್ದಾಗಿರಬೇಕು. ಕೇಸಿನ ಕಾಗದವನ್ನು ಮೂರನೆಯವರು ಕೊಳ್ಳುವುದಿಲ್ಲ. ಕೇಸು ನಡೆಸಲು ಕೊಟ್ಟ ಕಾಗದ ಒತ್ತೆಯೂ ಅಲ್ಲ, ಆ ಕಲಮು ಹೇಳುವ ರೀತಿಯ ಒಪ್ಪಿಸುವಿಕೆಯೂ ಅಲ್ಲ. ಓದು ಬರಹ ಬಾರದ ಕಕ್ಷಿದಾರರು ತುಂಬಿರುವ ದೇಶದಲ್ಲಿ ಇಂಥ ಹಕ್ಕು ಕೊಟ್ಟರೆ ದುರುಪಯೋಗವಾಗುತ್ತದೆ ಎಂದೂ ಪೀಠ ಹೇಳಿತು. ಆದರೆ ಈ ಪ್ರಶ್ನೆ ಅಲ್ಲಿಯವರೆಗೆ ಸ್ಪಷ್ಟವಾಗಿ ತೀರ್ಮಾನವಾಗಿರಲಿಲ್ಲ ಎಂಬ ಕಾರಣಕ್ಕೆ ಶಿಕ್ಷೆಯನ್ನು ಬರೀ ವಾಗ್ದಂಡನೆಗೆ ಇಳಿಸಿತು; ಮುಂದೆ ಯಾರೂ ಈ ರಿಯಾಯಿತಿಯನ್ನು ಪೂರ್ವನಿದರ್ಶನವಾಗಿ ತೋರಿಸಬಾರದೆಂಬ ಎಚ್ಚರಿಕೆಯನ್ನೂ ಸೇರಿಸಿತು.

ಕಡತದ ಸಿಟ್ಟೆಲ್ಲ ‘ಮೂರನೆಯವರು ಕೊಳ್ಳುವುದಿಲ್ಲ’ ಎಂಬುದರ ಮೇಲೆ.

“ಯಾಕ ಕೊಳ್ಳಂಗಿಲ್ಲ? ಸಂತಿ ದಿನ ರದ್ದಿಯವ ತಕ್ಕಡಿ ಹಿಡಕೊಂಡು ಬರ್ತಾನ. ನಾ ಎರಡೂವರಿ ಕಿಲೋ ಅದೀನಿ. ಮ್ಯಾಲಿನ ರಟ್ಟು ಬ್ಯಾರೆ. ದಿಲ್ಲ್ಯಾಗ ಕುಂತವ್ರಿಗೆ ರದ್ದಿ ರೇಟು ಗೊತ್ತಿಲ್ರಿ. ಬಂಗಾರ ಒತ್ತಿ ಇಟ್ರ ತೂಕ ಮಾಡ್ತಾರ, ಚೀಟಿ ಕೊಡ್ತಾರ, ತಿಜೋರಿಯಾಗ ಇಡ್ತಾರ. ನನ್ನ ಒತ್ತಿ ಹಿಡದವ್ರು ಜೆರಾಕ್ಸ್ ಮಷಿನ್ ಬುಡಕ ಇಟ್ಟಾರ. ಸರಕು ಅಂದಿದ್ರ ಕಪಾಟಿನ ಮ್ಯಾಲಿನ ಖಾನೆದಾಗರ ಇರ್ತಿದ್ದೆ.”

ಕಡತದ ಕೆಳಗಿನ ಮೂಲೆಯನ್ನು ಇಲಿ ತಿಂದಿತ್ತು. 2016ರ ಎರಡು ಪುಟಗಳು ಕಾಣೆಯಾಗಿದ್ದವು. ಇವುಗಳ ಬಗ್ಗೆ ದೂರು ಇದೆಯೇ ಎಂದು ಕೇಳಿದಾಗ ಕಡತ ಮತ್ತೆ ರದ್ದಿಯ ದರಕ್ಕೆ ಮರಳಿತು. ಒಂದೇ ನೋವನ್ನು ಹನ್ನೊಂದು ವರ್ಷ ಹೇಳಿಕೊಂಡವರಿಗೆ ಬೇರೆ ನೋವು ಕಾಣುವುದಿಲ್ಲ; ಕೋರ್ಟಿನ ವರಾಂಡದಲ್ಲಿ ನಿಂತ ಅನೇಕರದ್ದೂ ಇದೇ ಸ್ಥಿತಿ.

ಚೀಟಿ ಎಂಬ ಮಾತು ಕಿವಿಗೆ ಬಿದ್ದದ್ದೇ ಅಂಕಣಕಾರರು ತಮ್ಮ ಹಳೆಯ ಗೀಳಿಗೆ ಇಳಿದರು. ರಸೀದಿ ಅವರ ಗೀಳು. ಪೆಟ್ರೋಲ್ ಬಂಕಿನ ರಸೀದಿಯನ್ನೂ ಮಡಚಿ ಡೈರಿಯಲ್ಲಿಡುವ ಜಾತಿ ಅವರದು.

ಪ್ರಶ್ನೆ: ಆ ಹದಿನೆಂಟು ಸಾವಿರದ ಹಿಂದೆ ಎಷ್ಟು ಕೊಟ್ಟಿದ್ದಾರೆ? ಅದಕ್ಕೆ ರಸೀದಿ ಇದೆಯೇ?

“ಇಲ್ರಿ.”

ಪ್ರಶ್ನೆ: ಫೀ ಇಷ್ಟು ಎಂದು ಎಲ್ಲಾದರೂ ಬರೆದಿದೆಯೇ?

“ನನ್ನ ಮೊದಲ ಪಾನಿನ ಹಿಂದ ಪೆನ್ಸಿಲ್‌ದಾಗ ಏನೋ ಗೀಚ್ಯಾರ್ರಿ. ಒಂದು ಐದು ಐತಿ, ಮುಂದ ಸೊನ್ನಿ ಎಷ್ಟು ಅದಾವ ಗೊತ್ತಾಗಂಗಿಲ್ಲ.”

ಪ್ರಶ್ನೆ: ಹುಲಿಗೆಮ್ಮನ ಗುಡಿಯಲ್ಲಿ ಸೇವೆ ಮಾಡಿಸಿದರೆ ಚೀಟಿ ಕೊಡುತ್ತಾರೆ. ಬಸ್ಸಿನಲ್ಲಿ ಹಣ ಕೊಡದೆ ಹೋಗುವ ಹೆಣ್ಣುಮಕ್ಕಳಿಗೂ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತಾನೆ. ಗಂಗಾವತಿಯ ಭತ್ತದ ವ್ಯಾಪಾರದಲ್ಲಿ ಬಿಳಿ ಚೀಟಿ ಎಂದು ರೈತರು ಬೈದರೂ ಅದೂ ಒಂದು ಚೀಟಿಯೇ. ವಕೀಲರ ಕಚೇರಿಯಲ್ಲಿ ಮಾತ್ರ ಯಾಕಿಲ್ಲ?

“ಸರ, ನನ್ನ ಸರಕಿನ ವಿಷಯಕ್ಕ ಬರ್ರಿ.”

ಅಂಕಣಕಾರರು ಬರಲಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ 25ನೆಯದನ್ನು ಅವರು ಬಾಯಿಪಾಠ ಮಾಡಿದ್ದಾರೆ. ವಕೀಲರು ಕಕ್ಷಿದಾರರ ಹಣಕ್ಕೆ ಲೆಕ್ಕ ಇಡಬೇಕು, ಬಂದದ್ದೆಷ್ಟು, ಖರ್ಚಾದದ್ದೆಷ್ಟು, ಯಾವ ದಿನ ಎಂಬುದು ಅದರಲ್ಲಿ ಕಾಣಬೇಕು. ಇನ್ನೊಂದು ನಿಯಮದಂತೆ, ಕೇಳಿದರೆ ನಕಲಿನ ಖರ್ಚು ತೆಗೆದುಕೊಂಡು ಲೆಕ್ಕದ ಪ್ರತಿ ಕೊಡಬೇಕು. ಕಡತ ಹಿಡಿಯುವ ಜಗಳದ ಬೇರು ಇಲ್ಲೇ ಇದೆ ಎಂಬುದು ಅಂಕಣಕಾರರ ವಾದ, ಮತ್ತು ಈ ಗೀಳಿನಲ್ಲಿ ಅವರು ಹೇಳುವುದು ತಪ್ಪಲ್ಲ. ಯಾವ ಬಾಕಿಗೂ ಬರಹದ ಆಧಾರವಿಲ್ಲ, ಯಾವ ಪಾವತಿಗೂ ಗುರುತಿಲ್ಲ. ಹಾಗಾಗಿ ವಕೀಲರ ಕೈಯಲ್ಲಿ ಸಾಕ್ಷಿಯಾಗಿ ಉಳಿಯುವುದು ಕಡತವೊಂದೇ. ಕಕ್ಷಿದಾರರ ಕೈಯಲ್ಲಿ ಅದೂ ಇಲ್ಲ.

ಕಡತ ತನ್ನ ಯಜಮಾನರ ಪರ ಮಾತಾಡಿದ್ದು ಇಲ್ಲಿ ಮಾತ್ರ.

“ನಮ್ಮ ಸಾಹೇಬ್ರೇನು ಕೆಟ್ಟವರಲ್ರಿ. ಮೊದಲ ವರ್ಷ ಟೈಪಿಂಗ್, ಸ್ಟಾಂಪು, ನೋಟಿಸಿನ ಖರ್ಚು ಎಲ್ಲಾ ಅವರ ಕಿಸೇದಾಗಿಂದ ಹೋಗೇತಿ. ಪಾರ್ಟಿ ಒಂದು ತಾರೀಖಿಗೆ ಬರ್ತಾರ, ಮುಂದಿನ ತಾರೀಖಿಗೆ ಗುಳೆ ಹೋಗಿರ್ತಾರ. ಫೋನ್ ಹಚ್ಚಿದ್ರ ಬೆಂಗಳೂರಾಗ ಕಟ್ಟಡದ ಕೆಲಸದ ಮ್ಯಾಲೆ ಅದೀನಿ ಅಂತಾರ. ಕೇಸ್ ಗೆದ್ದ ಮ್ಯಾಲೆ ಕೊಡ್ತೀನಿ ಅಂದವ್ರು ಗೆದ್ದ ಮ್ಯಾಲೆ ಈ ಓಣ್ಯಾಗ ಹಾಯೂದ ಬಿಡ್ತಾರ. ಜೂನಿಯರ್ ಹುಡುಗ್ರಿಗೆ ಚಾ-ಮಿರ್ಚಿ ಬಿಟ್ರ ಬ್ಯಾರೆ ಪಗಾರ ಇಲ್ಲ.”

ಇದೂ ನಿಜ. ತಾಲೂಕು ಕೋರ್ಟುಗಳಲ್ಲಿ ಹತ್ತು ವರ್ಷ ನಡೆಯುವ ಹಿಸ್ಸೆ ದಾವೆಗೆ ಸಿಗುವ ಫೀಯನ್ನು ತಾರೀಖುಗಳಿಂದ ಭಾಗಿಸಿದರೆ ಉಳಿಯುವ ಮೊತ್ತ ಕೂಲಿಯವನ ಪಗಾರಕ್ಕಿಂತ ಕಡಿಮೆ. ಕಾನೂನು ವಕೀಲರನ್ನು ಬರಿಗೈಯಲ್ಲಿ ಬಿಟ್ಟಿಲ್ಲ. ಫೀ ವಸೂಲಿಗೆ ದಾವೆ ಹೂಡುವ ಹಕ್ಕು ಅವರಿಗಿದೆ. ಪರಿಷತ್ತಿನ ನಿಯಮ 28ರ ಪ್ರಕಾರ, ಪ್ರಕರಣ ಮುಗಿದ ಮೇಲೆ ಖರ್ಚಿಗೆಂದು ಕೊಟ್ಟು ಉಳಿದ ಹಣವನ್ನೂ, ಅದೇ ಪ್ರಕರಣದಲ್ಲಿ ತಮ್ಮ ಕೈಗೆ ಬಂದ ಹಣವನ್ನೂ ಗೊತ್ತುಪಡಿಸಿದ ಫೀಗೆ ಮುರಿದುಕೊಳ್ಳಬಹುದು. ಹಣದ ಮೇಲೆ ಹಕ್ಕು ಇದೆ, ಕಾಗದದ ಮೇಲೆ ಇಲ್ಲ. ಆದರೆ ಯಲಬುರ್ಗಾದಲ್ಲಿ ಸ್ವಂತ ಕಕ್ಷಿದಾರರ ಮೇಲೆ ದಾವೆ ಹೂಡಿದ ವಕೀಲರಿಗೆ ಮರುದಿನದಿಂದ ಕಕ್ಷಿದಾರರೇ ಇರುವುದಿಲ್ಲ. ಕಡತ ಹಿಡಿದರೆ ಸದ್ದಾಗುವುದಿಲ್ಲ, ಅದಕ್ಕೇ ಹಿಡಿಯುತ್ತಾರೆ.

ಈ ಹಂತದಲ್ಲಿ ಪಕ್ಕದ ಖಾನೆಯಿಂದ ಇನ್ನೊಂದು ಕಡತ ಕರೆಯದೆ ಮಾತಿಗೆ ಬಂತು. ಅದು ಕುಷ್ಟಗಿ ತಾಲೂಕಿನದು, ಗದಗ–ವಾಡಿ ರೈಲು ಮಾರ್ಗಕ್ಕೆ ಹೋದ ಜಮೀನಿನ ಪರಿಹಾರದ ಕೇಸು. ತನ್ನ ಫೀ ಬರುವ ಪರಿಹಾರದಲ್ಲಿ ಸೇಕಡಾ ಲೆಕ್ಕದಲ್ಲಿ ನಿಗದಿಯಾಗಿದೆ ಎಂದು ಅದು ಹೆಮ್ಮೆಯಿಂದ ಹೇಳಿತು. ನಿಯಮ 20ರ ಪ್ರಕಾರ ಕೇಸಿನ ಫಲಕ್ಕೆ ಕಟ್ಟಿದ ಫೀಯನ್ನಾಗಲಿ, ಬರುವ ಹಣದಲ್ಲಿ ಪಾಲನ್ನಾಗಲಿ ವಕೀಲರು ಗೊತ್ತುಮಾಡಿಕೊಳ್ಳುವಂತಿಲ್ಲ ಎಂದು ಅಂಕಣಕಾರರು ತಿಳಿಸಿದರು, ಮತ್ತು ಆ ಸೇಕಡಾ ಲೆಕ್ಕಕ್ಕೆ ರಸೀದಿ ಇದೆಯೇ ಎಂದು ಕೇಳಿದರು. ಎರಡನೆಯ ಕಡತ ಖಾನೆಗೆ ಮರಳಿತು.

ಕಡತ ಹಿಡಿಯುವುದರ ಜೋಡಿ ಅಸ್ತ್ರವೆಂದರೆ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಒಬ್ಬ ವಕೀಲರು ವಕಾಲತ್ತು ಹಾಕಿದ ಕೇಸಿನಲ್ಲಿ ಇನ್ನೊಬ್ಬರು ಅವರ ಒಪ್ಪಿಗೆಯಿಲ್ಲದೆ ಹಾಜರಾಗಬಾರದೆಂದು ಪರಿಷತ್ತಿನ ನಿಯಮ 39 ಹೇಳುತ್ತದೆ. ಅಷ್ಟನ್ನು ಎಲ್ಲರೂ ಓದುತ್ತಾರೆ. ಒಪ್ಪಿಗೆ ಸಿಗದಿದ್ದರೆ ಕಾರಣ ಬರೆದು ಕೋರ್ಟಿಗೆ ಅರ್ಜಿ ಕೊಟ್ಟು, ಅನುಮತಿ ಪಡೆದು ಹಾಜರಾಗಬಹುದು ಎಂಬುದು ಅದೇ ನಿಯಮದ ಉಳಿದ ಅರ್ಧ; ಅದನ್ನು ಓದುವವರು ಕಡಿಮೆ. ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದ 2008ರಲ್ಲೇ ಕರ್ನಾಟಕ ಹೈಕೋರ್ಟು ಸಿ.ವಿ. ಸುಧೀಂದ್ರ ಪ್ರಕರಣದಲ್ಲಿ ಈ ಗೊಂದಲವನ್ನು ಬಿಡಿಸಿತು: ವಕೀಲರನ್ನು ಬದಲಿಸುವ ಕಕ್ಷಿದಾರರ ಹಕ್ಕಿಗೆ ತಡೆಯಿಲ್ಲ, ರದ್ದುಪಡಿಸಲಾಗದ ವಕಾಲತ್ತು ಎಂಬುದೇ ಇಲ್ಲ, ಹಳೆಯ ವಕೀಲರ ಎನ್‌ಒಸಿ ಇಲ್ಲ ಎಂಬ ಕಾರಣಕ್ಕೆ ದಾರಿ ಮುಚ್ಚುವಂತಿಲ್ಲ. ಫೀ ಬಾಕಿಯ ತಕರಾರು ಬೇರೆಯಾಗಿಯೇ ಇತ್ಯರ್ಥವಾಗಬೇಕು.

“ಎನ್‌ಒಸಿ ಬಗ್ಗೆ ನನಗೇನೂ ತಕರಾರಿಲ್ರಿ,” ಎಂದಿತು ಕಡತ. “ಅದು ಬರೇ ಒಂದು ಹಾಳಿ. ಅದನ್ನ ಯಾರೂ ಸರಕು ಅನ್ನಂಗಿಲ್ಲ, ಅದಕ್ಕ ಸಿಟ್ಟೂ ಬರಂಗಿಲ್ಲ.”

ಪರದೇಶಗಳ ಮಾತೂ ಬಂತು. ಇಂಗ್ಲೆಂಡಿನಲ್ಲಿ ಸಾಲಿಸಿಟರ್‌ಗೆ ಬಾಕಿ ಫೀಗಾಗಿ ಕಾಗದ ಹಿಡಿಯುವ ಹಕ್ಕು ಇಂದಿಗೂ ಇದೆ. ಆದರೆ ಕೇಸು ನಡುವೆ ಇರುವಾಗ ಸಾಲಿಸಿಟರ್ ತಾವಾಗಿಯೇ ಕೈಬಿಟ್ಟರೆ, ಕಾಗದವನ್ನು ಹೊಸಬರಿಗೆ ಒಪ್ಪಿಸಲೇಬೇಕು. ಹಕ್ಕು ಆಮೇಲಿನ ಮಾತು. ಹತ್ತೊಂಬತ್ತನೆಯ ಶತಮಾನದಿಂದಲೂ ಅಲ್ಲಿನ ಕೋರ್ಟುಗಳು ಹಾಗೇ ಹೇಳುತ್ತಿವೆ. ಕಡತಕ್ಕೆ ಇಂಗ್ಲೆಂಡು ಇಷ್ಟವಾಯಿತು. ಅಲ್ಲಿ ಹುಟ್ಟಿದ್ದರೆ ತಾನು ಸರಕಾಗಿರುತ್ತಿದ್ದೆ ಎಂದು ಅದು ನಿಟ್ಟುಸಿರು ಬಿಟ್ಟಿತು.

ಆಗ ಅಂಕಣಕಾರರು ಕಡತವನ್ನು ಬಿಚ್ಚಿ ಒಳಗಿನ ಆದೇಶವನ್ನು ಓದಿದರು. ಇಲ್ಲಿಂದ ಮುಂದೆ ಸಂದರ್ಶನದ ಧಾಟಿ ಬದಲಾಯಿತು. ರದ್ದಿಯ ಮಾತನ್ನು ಎರಡು ಸಲ ನಡುವೆ ತಡೆಯಲಾಯಿತು.

ದಾವೆ ಹೂಡಿದ ಹೆಣ್ಣುಮಗಳ ಮದುವೆಯಾದದ್ದು 1990ರಲ್ಲಿ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಪಾಲು ಕೊಟ್ಟ ಕರ್ನಾಟಕದ 1994ರ ತಿದ್ದುಪಡಿ, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತ್ತು. ಕೇಂದ್ರದ 2005ರ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳನ್ನೂ ಒಳಗೆ ತಂದಿತು. ಆದರೆ ಕರ್ನಾಟಕದಿಂದಲೇ ಹೋದ ಫೂಲಾವತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2015ರಲ್ಲಿ, ಆ ತಿದ್ದುಪಡಿ ಜಾರಿಯಾದ ದಿನ ತಂದೆಯೂ ಬದುಕಿರಬೇಕು ಎಂದಿತು. ಈಕೆಯ ತಂದೆ ತೀರಿಕೊಂಡದ್ದು 2003ರಲ್ಲಿ. ತಾಯಿ ಮೊದಲೇ ಇರಲಿಲ್ಲ. ಹಾಗಾಗಿ 2019ರ ಪ್ರಾಥಮಿಕ ಡಿಕ್ರಿಯಲ್ಲಿ ಸಿಕ್ಕಿದ್ದು ಒಂಬತ್ತನೆಯ ಒಂದು ಪಾಲು. ಒಂಬತ್ತು ಎಕರೆಯಲ್ಲಿ ಒಂದು ಎಕರೆ.

2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಆ ನಿಲುವನ್ನು ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದ ಬರುವುದು, 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ. ಪ್ರಾಥಮಿಕ ಡಿಕ್ರಿ ಆಗಿದ್ದರೂ ಅಂತಿಮ ಡಿಕ್ರಿಯ ಪ್ರಕ್ರಿಯೆ ಅಥವಾ ಮೇಲ್ಮನವಿ ಬಾಕಿ ಇದ್ದರೆ ಮಗಳಿಗೆ ಮಗನಷ್ಟೇ ಪಾಲು ಕೊಡಬೇಕು. ಈ ಲೆಕ್ಕದಲ್ಲಿ ಆಕೆಯ ಪಾಲು ಮೂರನೆಯ ಒಂದು. ಒಂದು ಎಕರೆಯಲ್ಲ, ಮೂರು ಎಕರೆ. ಅಂತಿಮ ಡಿಕ್ರಿ ಇನ್ನೂ ಆಗಿಲ್ಲ. ಅಣ್ಣಂದಿರು ಅರ್ಜಿ ಹಾಕಿದ್ದಾರೆ, ಹೊಲ ಮೋಜಣಿಗೆ ಹೋಗಿದೆ. ಹಳೆಯ ಡಿಕ್ರಿಯಂತೆ ಅಳತೆ ಮುಗಿದು ಅಂತಿಮ ಡಿಕ್ರಿ ಬಿದ್ದರೆ ಆ ಬಾಗಿಲು ಮುಚ್ಚುತ್ತದೆ. ಆಕೆ ಕಂಡ ಹೊಸ ವಕೀಲರು ಕಡತ ನೋಡದೆ ಏನೂ ಹೇಳಲಾರೆ ಎನ್ನುತ್ತಾರೆ. ಹಳೆಯ ವಕೀಲರು ಹದಿನೆಂಟು ಸಾವಿರ ಎನ್ನುತ್ತಾರೆ. ಮೋಜಣಿಯ ನೋಟಿಸು ಬರುವುದು ಹಳೆಯ ವಕೀಲರ ವಿಳಾಸಕ್ಕೆ.

ಎರಡು ಎಕರೆ ಎರೆ ಹೊಲವನ್ನು ಹದಿನೆಂಟು ಸಾವಿರಕ್ಕೆ ಕಳೆಯುವುದನ್ನು ಫೀ ವಸೂಲಿ ಎಂದು ಕರೆಯಲಾಗದು. ವಕೀಲರ ಕಷ್ಟ ನಿಜ, ಗುಳೆ ನಿಜ, ಓಣಿ ತಪ್ಪಿಸಿ ಓಡಾಡುವ ಪಾರ್ಟಿಯೂ ನಿಜ. ಅದೆಲ್ಲ ಸೇರಿದರೂ ಇದಕ್ಕೆ ಸಮರ್ಥನೆಯಾಗುವುದಿಲ್ಲ. ಇದಕ್ಕಿಂತ ಹೇಸುವಂಥ ಸಂಗತಿ ಇನ್ನೊಂದಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಅವರ ಆದಾಯ ಎಷ್ಟೇ ಇರಲಿ, ಸರ್ಕಾರದ ಖರ್ಚಿನಲ್ಲಿ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೇ. ಆಕೆ 2014ರಲ್ಲಿ ಒಂದು ಪೈಸೆ ಫೀ ಕೊಡಬೇಕಾಗಿರಲಿಲ್ಲ. ತಾಲೂಕು ಕಾನೂನು ಸೇವಾ ಸಮಿತಿಯನ್ನು ಆಕೆ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇರಲಿಲ್ಲ. ದಾವೆ ಹೂಡಿದ ಕೋರ್ಟಿನಲ್ಲೇ ಅದು ನಡೆಯುತ್ತದೆ. ಹನ್ನೊಂದು ವರ್ಷ ತಾರೀಖಿಗೆ ಬಂದವಳಿಗೆ ಆ ಕಟ್ಟಡದಲ್ಲಿ ಕೆಲಸ ಮಾಡುವ ಒಬ್ಬರೂ ಇದನ್ನು ಹೇಳಲಿಲ್ಲ. ವಕೀಲರು ಹೇಳಲಿಲ್ಲ, ಗುಮಾಸ್ತರು ಹೇಳಲಿಲ್ಲ, ಪೀಠದ ಮೇಲಿನವರು ಕೇಳಲಿಲ್ಲ. ಬಾಕಿ ಎಂದು ಹೇಳುತ್ತಿರುವ ಹದಿನೆಂಟು ಸಾವಿರ ಹುಟ್ಟಲೇಬಾರದಿದ್ದ ಸಾಲ.

ಕಡತ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ, “ಅಕ್ಕ ನನ್ನ ನೋಡಾಕ ಬಂದಿದ್ಲುರಿ, ಮೂರು ಸಲ. ಹೊರಗ ಬಾಕಿನ ಮ್ಯಾಲೆ ಕುಂತು ಹೋದ್ಲು,” ಎಂದಿತು. ಈ ಸಲ ಸರಕಿನ ಮಾತು ಅದರ ಬಾಯಲ್ಲಿ ಬರಲಿಲ್ಲ.

ಪರಿಹಾರದ ದಾರಿಗಳು ಇರುವುದು ಇಷ್ಟು. ಗ್ರಾಹಕರ ಆಯೋಗದ ದಾರಿ ಈಗಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2024ರ ಮೇ 14ರಂದು ಹೇಳಿದೆ. ಮಿಕ್ಸರ್ ಕೆಟ್ಟರೆ ಕೊಪ್ಪಳದಲ್ಲೇ ದೂರು ಕೊಡಬಹುದು. ಕಡತ ಹಿಡಿದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ಮುನ್ನೂರು ಕಿಲೋಮೀಟರಿಗೂ ಆಚೆ ಬೆಂಗಳೂರಿನಲ್ಲಿರುವ ರಾಜ್ಯ ವಕೀಲರ ಪರಿಷತ್ತಿಗೆ ದೂರು ಕಳಿಸಬೇಕು. ಶಿಸ್ತು ಸಮಿತಿ ಒಂದು ವರ್ಷದೊಳಗೆ ಮುಗಿಸದಿದ್ದರೆ, 36-ಬಿ ಕಲಮಿನಂತೆ ದೂರು ದಿಲ್ಲಿಗೆ ಹೋಗುತ್ತದೆ. ಮೋಜಣಿಯವರ ಸರಪಳಿ ಅಷ್ಟು ದಿನ ಕಾಯುವುದಿಲ್ಲ.

ಆದ್ದರಿಂದ ದೂರಿಗಿಂತ ಮೊದಲು ಮಾಡಬೇಕಾದ ಕೆಲಸಗಳು ಬೇರೆ. ಕೇಸಿನ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇದ್ದರೆ ಮುಂದಿನ ತಾರೀಖು ಮೊಬೈಲಿನಲ್ಲೇ ಸಿಗುತ್ತದೆ. ಅದಕ್ಕೆ ಯಾರ ಬಾಕಿಯೂ ಅಡ್ಡ ಬರುವುದಿಲ್ಲ. ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು; 15100 ಸಂಖ್ಯೆಗೆ ಕರೆ ಮಾಡಿದರೂ ನಡೆಯುತ್ತದೆ. ಸಮಿತಿ ಕೊಟ್ಟ ವಕೀಲರು ನಿಯಮ 39ರ ಎರಡನೆಯ ಅರ್ಧದಂತೆ ಅನುಮತಿ ಕೇಳಿ ಹಾಜರಾಗಬಹುದು. ದಾವಾಪತ್ರ, ಕೈಫಿಯತ್ತು, ಡಿಕ್ರಿ, ನಿಶಾನೆ ಹಾಕಿದ ಪತ್ರಗಳಿಗೆ ನಕಲು ಅರ್ಜಿ ಹಾಕಬೇಕು. ಪಹಣಿ ತಹಸೀಲ್ದಾರ್ ಕಚೇರಿಯಲ್ಲಿ, ಖರೀದಿ ಪತ್ರದ ನಕಲು ಉಪನೋಂದಣಿ ಕಚೇರಿಯಲ್ಲಿ, ಮರಣದ ದಾಖಲೆ ನೋಂದಣಾಧಿಕಾರಿಯ ಬಳಿ ಸಿಗುತ್ತವೆ. ಮೂಲ ಪತ್ರ ಹಳೆಯ ವಕೀಲರ ಬಳಿ ಸಿಕ್ಕಿಕೊಂಡಿದ್ದರೆ ಹಾಜರುಪಡಿಸುವಂತೆ ನೋಟಿಸು ಕೊಟ್ಟು, ಸಾಕ್ಷ್ಯ ಕಾಯ್ದೆಯಡಿ ನಕಲನ್ನೇ ಸಾಕ್ಷ್ಯವಾಗಿ ಒಪ್ಪುವಂತೆ ಕೇಳಬಹುದು. ಇಷ್ಟಾದ ಮೇಲೆ ಹಿಡಿದಿಟ್ಟ ಕಡತಕ್ಕೆ ಉಳಿಯುವುದು ರದ್ದಿಯ ಬೆಲೆ ಮಾತ್ರ. ಈ ಮಾತು ಕೇಳಿ ಕಡತ, ಕಡೆಗೂ ತನಗೊಂದು ಬೆಲೆ ಕಟ್ಟಿದರೆಂದು ಸಮಾಧಾನಪಟ್ಟಿತು.

ವಕೀಲರ ಹದಿನೆಂಟು ಸಾವಿರಕ್ಕೆ ದಾರಿ ಫೀ ವಸೂಲಿಯ ದಾವೆಯೇ. ಅದಕ್ಕೆ ಫೀ ಎಷ್ಟಕ್ಕೆ ಒಪ್ಪಿತ್ತು ಎಂಬ ಆಧಾರ ಬೇಕು, ಎಷ್ಟು ಬಂತೆಂಬ ಲೆಕ್ಕ ಬೇಕು. ರಸೀದಿಯ ಬಗ್ಗೆ ಅಂಕಣಕಾರರು ಇಲ್ಲಿ ಇನ್ನೂ ಅರ್ಧ ಪುಟ ಬರೆದಿದ್ದರು, ಸ್ಥಳಾವಕಾಶ ಇಲ್ಲದೆ ಕೈಬಿಡಲಾಗಿದೆ. ಆ ದಾವೆಗೆ ವಕೀಲರೂ ಒಬ್ಬ ವಕೀಲರನ್ನು ಇಟ್ಟುಕೊಳ್ಳಬೇಕಾದೀತು, ಅವರ ಬಳಿ ಒಂದು ಕಡತ ತಯಾರಾದೀತು. ಫೀ ಬಾಕಿ ಉಳಿದರೆ ಅದನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಅವರಿಗೂ ಇಲ್ಲ.